ಲ್ಯಾಪ್‌ಟಾಪ್ ಬ್ಯಾಟರಿ ಬಾಳಿಕೆ ಬರಬೇಕೆ? 80ಕ್ಕೆ ನಿಲ್ಲಿಸಿ, ತಣ್ಣಗಿಡಿ

ಹೊಸದರಲ್ಲಿ ಏಳೆಂಟು ಗಂಟೆ ಬರುತ್ತಿದ್ದ ಬ್ಯಾಟರಿ ಎರಡೇ ವರ್ಷದಲ್ಲಿ ಮೂರು ಗಂಟೆಗೆ ಇಳಿದಿದೆ ಎಂದರೆ, ಅತಿಯಾಗಿ ಬಳಸಿದ್ದೇ ಕಾರಣ ಎಂದುಕೊಳ್ಳುವವರು ಬಹಳ. ಆದರೆ ಸದಾ ಮೇಜಿನ ಮೇಲೆ ಚಾರ್ಜರಿಗೆ ಸಿಕ್ಕಿಸಿಯೇ ಇರುವ, ಬ್ಯಾಟರಿಯಲ್ಲಿ ಓಡಿದ್ದೇ ಅಪರೂಪ ಎನ್ನುವಂಥ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೂ ಇದೇ ರೀತಿ ಸೊರಗುತ್ತದೆ. ಕೆಲವೊಮ್ಮೆ ಇನ್ನೂ ಬೇಗ. ಬ್ಯಾಟರಿಯನ್ನು ಮುಖ್ಯವಾಗಿ ತಿನ್ನುವುದು ಎರಡು ಸಂಗತಿ: ತುಂಬಿದ ಸ್ಥಿತಿಯಲ್ಲೇ ದಿನಗಟ್ಟಲೆ ಕೂರುವುದು ಮತ್ತು ಬಿಸಿ. ಎರಡೂ ಒಟ್ಟಿಗೆ ಸೇರಿದರಂತೂ ಹೇಳುವುದೇ ಬೇಡ. ಈ ಎರಡನ್ನು ಹಿಡಿತಕ್ಕೆ ತಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಉಳಿದವೆಲ್ಲ ಸಣ್ಣಪುಟ್ಟ ಲಾಭ.

ಒಳಗೆ ಏನು ನಡೆಯುತ್ತದೆ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿಥಿಯಂ ಅಯಾನ್ ಸೆಲ್‌ಗಳು, ಹೆಚ್ಚಾಗಿ ತೆಳ್ಳಗಿನ ಚೀಲದಂಥವು. ಅಂಥ ಮೂರೋ ನಾಲ್ಕೋ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಒಂದು ಪ್ಯಾಕ್. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, ಹೊಸ ಮಾದರಿಗಳಲ್ಲಿ 4.35ರಿಂದ 4.4ರವರೆಗೂ ಹೋಗುತ್ತದೆ. ಸೆಲ್‌ನ ಗ್ರಾಫೈಟ್ ಬದಿಯ ಮೇಲೆ ಒಂದು ತೆಳು ಪದರ ಮೊದಲ ಚಾರ್ಜಿನಲ್ಲೇ ಕಟ್ಟಿಕೊಳ್ಳುತ್ತದೆ. ಅದು ಬೇಕಾದದ್ದೇ, ಅದಿಲ್ಲದೆ ಬ್ಯಾಟರಿ ಕೆಲಸ ಮಾಡುವುದಿಲ್ಲ. ತೊಂದರೆ ಏನೆಂದರೆ ಆ ಪದರ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಬೆಳೆದಷ್ಟೂ ಓಡಾಡಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ವೋಲ್ಟೇಜ್ ಹೆಚ್ಚಿದ್ದಾಗ, ಬಿಸಿ ಹೆಚ್ಚಿದ್ದಾಗ ಈ ಬೆಳವಣಿಗೆ ಚುರುಕಾಗುತ್ತದೆ. ಇನ್ನೊಂದು ಬದಿಯ ಕ್ಯಾಥೋಡ್ ಕೂಡ ಹೆಚ್ಚಿನ ವೋಲ್ಟೇಜಿನಲ್ಲಿ ಸೆಲ್‌ನೊಳಗೆ ತುಂಬಿರುವ ದ್ರಾವಣದೊಡನೆ ಕಾದಾಡಿ ಸವೆಯುತ್ತದೆ.

ಲೆಕ್ಕದಲ್ಲಿ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 40% ಚಾರ್ಜ್ ಮಾಡಿ ಒಂದು ವರ್ಷ ಸುಮ್ಮನೆ ಇಟ್ಟ ಸೆಲ್‌ನಲ್ಲಿ ಸ್ಥೂಲವಾಗಿ 96% ಸಾಮರ್ಥ್ಯ ಉಳಿಯುತ್ತದೆ. ಅದೇ ಸೆಲ್ ಅನ್ನು ಪೂರ್ತಿ ತುಂಬಿಸಿಟ್ಟರೆ ಉಳಿಯುವುದು 80%. 40 ಡಿಗ್ರಿಯಲ್ಲಾದರೆ ಇದೇ ಅಂಕಿಗಳು 85 ಮತ್ತು 65. ಸೆಲ್‌ನ ರಸಾಯನ ಬದಲಾದಂತೆ ಅಂಕಿಗಳು ಒಂದಿಷ್ಟು ಆಚೀಚೆ ಆಗುತ್ತವೆ, ದಿಕ್ಕು ಮಾತ್ರ ಇದೇ. ಗಮನಿಸಿ, ಇಷ್ಟೂ ನಷ್ಟ ಬ್ಯಾಟರಿಯನ್ನು ಒಮ್ಮೆಯೂ ಬಳಸದೆ ಆದದ್ದು.

ಮೊದಲ ಕೆಲಸ: ಚಾರ್ಜ್ ಮಿತಿ

100% ತುಂಬಿದ ಮೇಲೆ ಲ್ಯಾಪ್‌ಟಾಪ್ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ, ಹಾಗಾಗಿ ಓವರ್‌ಚಾರ್ಜ್ ಆಗಿ ಹಾಳಾಗುತ್ತದೆ ಎಂಬ ಭಯ ಬೇಡ. ಕಾಡುವುದು 100ರಲ್ಲೇ ಉಳಿಯುವುದು. ತುಂಬಿದ ಸೆಲ್‌ನ ವೋಲ್ಟೇಜನ್ನು 0.1 ವೋಲ್ಟ್ ತಗ್ಗಿಸಿದರೆ ಅದರ ಸೈಕಲ್‌ಗಳ (ಪೂರ್ತಿ ತುಂಬಿ ಖಾಲಿಯಾಗುವ ಸುತ್ತುಗಳ) ಆಯುಷ್ಯ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ಆದ್ದರಿಂದಲೇ ಹೆಚ್ಚುಕಡಿಮೆ ಎಲ್ಲ ತಯಾರಕರೂ 80% ಮಿತಿಯ ಸೌಲಭ್ಯವನ್ನು ಕೊಟ್ಟಿದ್ದಾರೆ. ಕೊಟ್ಟು, ಹುಡುಕಿದರೂ ಸಿಗದ ಮೂಲೆಯಲ್ಲಿ ಇಟ್ಟಿದ್ದಾರೆ.

ಲೆನೊವೊದಲ್ಲಿ ವ್ಯಾಂಟೇಜ್ ಎಂಬ ಆ್ಯಪ್ ತೆರೆದು ಪವರ್ ವಿಭಾಗಕ್ಕೆ ಹೋಗಿ, ಕನ್ಸರ್ವೇಶನ್ ಮೋಡ್ ಆನ್ ಮಾಡಿ. ಥಿಂಕ್‌ಪ್ಯಾಡ್ ಆಗಿದ್ದರೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇದೆ: ಎಷ್ಟಕ್ಕೆ ಇಳಿದಾಗ ಚಾರ್ಜ್ ಶುರುವಾಗಬೇಕು, ಎಷ್ಟರಲ್ಲಿ ನಿಲ್ಲಬೇಕು ಎಂದು ಎರಡನ್ನೂ ನೀವೇ ನಿಗದಿ ಮಾಡಬಹುದು. 75 ಮತ್ತು 80 ಒಳ್ಳೆಯ ಜೋಡಿ; ಸದಾ ಪ್ಲಗ್‌ನಲ್ಲೇ ಇರುವ ಯಂತ್ರಕ್ಕೆ 50 ಮತ್ತು 60 ಇನ್ನೂ ಒಳ್ಳೆಯದು. ಎಸುಸ್‌ನಲ್ಲಿ ಮೈಎಸುಸ್ ಆ್ಯಪ್‌ನ ಬ್ಯಾಟರಿ ಹೆಲ್ತ್ ಚಾರ್ಜಿಂಗ್ ನೋಡಿ. ಡೆಲ್‌ನಲ್ಲಿ ಆ್ಯಪ್‌ನಿಂದಲೂ ಆಗುತ್ತದೆ, ಆದರೆ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಜಾಗ) ಒಳಗೆ ಹೋಗುವುದು ವಾಸಿ. ಯಂತ್ರ ಆನ್ ಆಗುವಾಗ ಎಫ್2 ಒತ್ತಿ, ಬ್ಯಾಟರಿ ಚಾರ್ಜ್ ಕಾನ್ಫಿಗರೇಶನ್‌ನಲ್ಲಿ ಕಸ್ಟಮ್ ಆರಿಸಿ. ಅಲ್ಲಿ ಹಾಕಿದ ಮಿತಿ ವಿಂಡೋಸ್ ಮರುಸ್ಥಾಪಿಸಿದರೂ ಉಳಿಯುತ್ತದೆ. ಎಚ್‌ಪಿಯ ಹಲವು ಮಾದರಿಗಳಲ್ಲೂ ಇದು ಬಯೋಸ್‌ನಲ್ಲೇ ಇದೆ: ಎಫ್10 ಒತ್ತಿ ಒಳಹೋಗಿ, ಬ್ಯಾಟರಿ ಹೆಲ್ತ್ ಮ್ಯಾನೇಜರ್‌ನಲ್ಲಿ ಮ್ಯಾಕ್ಸಿಮೈಸ್ ಎಂದು ಶುರುವಾಗುವ ಆಯ್ಕೆ. ಮೈಕ್ರೋಸಾಫ್ಟ್ ಸರ್ಫೇಸ್‌ನ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಒಳಗಿನ ಬ್ಯಾಟರಿ ಲಿಮಿಟ್ ನೇರ 50ಕ್ಕೇ ನಿಲ್ಲಿಸುತ್ತದೆ. ಗೋಡೆಗೆ ತಗುಲಿಹಾಕಿ ವರ್ಷವಿಡೀ ಓಡಿಸುವವರಿಗೆ ಅದು ಹೇಳಿಮಾಡಿಸಿದ್ದು, ಊರೂರು ತಿರುಗುವವರಿಗೆ ಅಲ್ಲ.

ಮ್ಯಾಕ್‌ಬುಕ್‌ನಲ್ಲಿ ಆಪ್ಟಿಮೈಸ್ಡ್ ಬ್ಯಾಟರಿ ಚಾರ್ಜಿಂಗ್ ನಿಮ್ಮ ದಿನಚರಿಯನ್ನು ಗಮನಿಸಿ, ಬೇಕಾದಾಗ 80ರಲ್ಲಿ ತಡೆದು ನಿಲ್ಲಿಸುತ್ತದೆ. ದಿನಚರಿ ಒಂದೇ ತೆರನಾಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೊತ್ತುಗೊತ್ತಿಲ್ಲದೆ ಚಾರ್ಜ್ ಮಾಡುವವರ ಬಳಿ ಅದಕ್ಕೆ ಕಲಿಯಲು ಏನೂ ಸಿಗುವುದಿಲ್ಲ. ಲಿನಕ್ಸ್ ಬಳಸುವವರು ಕೆಡಿಇ ಪ್ಲಾಸ್ಮಾದ ಪವರ್ ಸೆಟ್ಟಿಂಗ್ಸ್‌ನಲ್ಲಿ ಅಥವಾ ಗ್ನೋಮ್ 48ರಿಂದ ಈಚಿನ ಆವೃತ್ತಿಗಳಲ್ಲಿ ಈ ಆಯ್ಕೆಯನ್ನು ನೋಡಬಹುದು. ಅಲ್ಲಿ ಕಾಣದಿದ್ದರೆ ಟಿಎಲ್‌ಪಿ ಎಂಬ ವಿದ್ಯುತ್ ಉಳಿಸುವ ತಂತ್ರಾಂಶ ಹಾಕಿಕೊಳ್ಳಿ. ಯಂತ್ರದ ಫರ್ಮ್‌ವೇರ್ (ಒಳಗೇ ಕೂತಿರುವ ಮೂಲ ತಂತ್ರಾಂಶ) ಒಪ್ಪಿದರೆ ಮಾತ್ರ ಇವೆಲ್ಲ ನಡೆಯುತ್ತವೆ.

ಮಿತಿಯ ಸೌಲಭ್ಯವೇ ಇಲ್ಲದ ಹಳೆಯ ಲ್ಯಾಪ್‌ಟಾಪ್ ಆದರೆ? 80 ಆದಾಗ ಪ್ಲಗ್ ಕಿತ್ತು, 30ರ ಹತ್ತಿರ ಬಂದಾಗ ಮತ್ತೆ ಹಾಕುವುದು ಒಂದು ದಾರಿ. ಆದರೆ ಇದಕ್ಕಾಗಿ ದಿನವಿಡೀ ಪರದೆಯ ಮೂಲೆಯನ್ನೇ ನೋಡುತ್ತ ಕೂರಬೇಡಿ. ರಾತ್ರಿಯಿಡೀ ಚಾರ್ಜಿಗೆ ಬಿಡುವ ಅಭ್ಯಾಸವೊಂದನ್ನು ಬಿಟ್ಟರೂ ಸಾಕಷ್ಟು ಲಾಭ. ಪ್ರಯಾಣವೋ ಇಡೀ ದಿನದ ಸಭೆಯೋ ಇದ್ದಾಗ ಮಿತಿ ತೆಗೆದು ಧಾರಾಳವಾಗಿ 100 ತುಂಬಿಸಿ, ಹೊರಡುವ ಹೊತ್ತಿಗೆ ತುಂಬುವಂತೆ ನೋಡಿಕೊಳ್ಳಿ. ತುಂಬಿಸಿ ಕೂಡಲೇ ಬಳಸಿದರೆ ಹೆಚ್ಚು ಹಾನಿಯಿಲ್ಲ.

ಬಿಸಿ

ಬ್ಯಾಟರಿ ಸಾಮಾನ್ಯವಾಗಿ ಅಂಗೈ ಊರುವ ಜಾಗದ ಕೆಳಗೆ ಇರುತ್ತದೆ. ಅಲ್ಲಿ ಕೈ ಇಟ್ಟಾಗ ಬೆಚ್ಚಗೆ ಅನ್ನಿಸುವುದು ಸಹಜ, ಕೈ ತೆಗೆಯಬೇಕೆನಿಸುವಷ್ಟು ಬಿಸಿಯಾದರೆ ಸರಿಯಿಲ್ಲ. ಹಾಸಿಗೆ, ದಿಂಬು, ಸೋಫಾದ ಮೇಲೆ ಇಟ್ಟರೆ ಅಡಿಯ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಒಂದು ಗಟ್ಟಿ ರಟ್ಟೋ ಹಲಗೆಯೋ ಕೆಳಗಿದ್ದರೆ ಸಾಕು. ಮೇಜಿನ ಮೇಲೆ ಬಳಸುವಾಗ ಹಿಂಬದಿಯನ್ನು ಎರಡು ಸೆಂಟಿಮೀಟರ್ ಎತ್ತರಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಲ್ಯಾಪ್‌ಟಾಪ್ ಬಿಡುವುದಂತೂ ಬೇಡವೇ ಬೇಡ.

ಫ್ಯಾನಿನಲ್ಲಿ ದೂಳು ಕೂತರೆ ಪ್ರೊಸೆಸರ್‌ನ ಬಿಸಿ ಹೊರಹೋಗದೆ ಬ್ಯಾಟರಿಯ ಕಡೆಗೂ ಹರಡುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಗಾಳಿ ಡಬ್ಬಿಯಿಂದ ಸ್ವಚ್ಛ ಮಾಡಿ. ಯಂತ್ರ ಆಫ್ ಮಾಡಿ, ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿಯಿಂದ ಹಿಡಿದು, ಗಾಳಿಯನ್ನು ಚಿಕ್ಕಚಿಕ್ಕ ಊದುಗಳಲ್ಲಿ ಬಿಡಿ. ರೆಕ್ಕೆ ಹಿಡಿಯದೆ ಊದಿದರೆ ಫ್ಯಾನ್ ಮಿತಿಮೀರಿ ತಿರುಗಿ ಅದರ ಬೇರಿಂಗ್ ಕೆಡುವ ಸಾಧ್ಯತೆ ಇದೆ.

ಗೇಮ್, ವಿಡಿಯೋ ಎಡಿಟಿಂಗ್‌ನಂಥ ಭಾರಿ ಕೆಲಸವನ್ನು ಪ್ಲಗ್ ಹಾಕಿಯೇ ಮಾಡಿ, ಆದರೆ ಆಗ ಬ್ಯಾಟರಿ ಚಾರ್ಜ್ ಆಗುತ್ತಿರದಂತೆ ನೋಡಿಕೊಳ್ಳಿ. ಚಾರ್ಜಿಂಗ್‌ನ ಬಿಸಿಗೆ ಗ್ರಾಫಿಕ್ಸ್ ಚಿಪ್‌ನ ಬಿಸಿ ಸೇರುವುದೇ ಬ್ಯಾಟರಿಗೆ ಬಹಳ ಕೆಟ್ಟ ಹೊತ್ತು. ಮೊದಲೇ ಮಿತಿಯವರೆಗೆ ತುಂಬಿಸಿಕೊಂಡು ಆಮೇಲೆ ಗೇಮ್ ಶುರು ಮಾಡಿದರೆ ಇದು ತಪ್ಪುತ್ತದೆ. ಫಾಸ್ಟ್ ಚಾರ್ಜ್ ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿಡಿ, ಅವಸರವಿದ್ದಾಗ ಮಾತ್ರ ಬಳಸಿ.

ಚಳಿಯ ವಿಷಯ ಬೇರೆ. ತಂಪಾಗಿ ಇಡುವುದು ಒಳ್ಳೆಯದೇ, ಆದರೆ 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಆಗ ಲಿಥಿಯಂ ಗ್ರಾಫೈಟ್‌ನ ಒಳಗೆ ಹೋಗುವ ಬದಲು ಮೇಲೆಯೇ ಲೋಹವಾಗಿ ಕಟ್ಟಿಕೊಳ್ಳುತ್ತದೆ. ಸಾಮರ್ಥ್ಯವೂ ಹೋಯಿತು, ಒಳಗೆ ಶಾರ್ಟ್ ಆಗುವ ಅಪಾಯವೂ ಬಂತು. ಕೊರೆಯುವ ಚಳಿಯಿಂದ ಒಳತಂದ ಲ್ಯಾಪ್‌ಟಾಪ್ ಕೋಣೆಯ ಬಿಸಿಗೆ ಬರುವವರೆಗೆ ಕಾದು, ಆಮೇಲೆ ಪ್ಲಗ್ ಹಾಕಿ.

ಚೀಲದೊಳಗೆ ಎಚ್ಚರವಾಗುವ ಲ್ಯಾಪ್‌ಟಾಪ್

ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿದ್ದು, ಎರಡು ಗಂಟೆ ಬಿಟ್ಟು ತೆಗೆದರೆ ಕೆಂಡದಂತೆ ಸುಡುತ್ತಿದೆ, ಬ್ಯಾಟರಿ ಅರ್ಧ ಖಾಲಿ. ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಹಲವರ ದೂರು. ಕಾರಣ ಮಾಡರ್ನ್ ಸ್ಟ್ಯಾಂಡ್‌ಬೈ. ಇದು ಹಳೆಯ ಕಾಲದ ಗಾಢನಿದ್ದೆಯಲ್ಲ, ಫೋನಿನಂತೆ ಅರೆನಿದ್ದೆ. ಅಪ್‌ಡೇಟ್, ಮೇಲ್, ಜಾಲ ಸಂಪರ್ಕ ಎಂದು ಆಗಾಗ ಏಳುತ್ತದೆ. ಎದ್ದದ್ದು ಮತ್ತೆ ಮಲಗದಿದ್ದರೆ ಗಾಳಿಯಾಡದ ಚೀಲದಲ್ಲಿ ಬೇಯುತ್ತದೆ.

ಇದಕ್ಕೆ ಪರಿಹಾರ ಹೈಬರ್ನೇಟ್, ಅಂದರೆ ತೆರೆದಿದ್ದ ಕೆಲಸವನ್ನೆಲ್ಲ ಡಿಸ್ಕಿನಲ್ಲಿ ಉಳಿಸಿ ಯಂತ್ರ ಪೂರ್ತಿ ಆಫ್ ಆಗುವುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್ ತೆರೆದು, ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬ ಪುಟಕ್ಕೆ ಹೋಗಿ, ಬ್ಯಾಟರಿಯಲ್ಲಿ ಇದ್ದಾಗ ಹೈಬರ್ನೇಟ್ ಎಂದು ಇಡಿ. ಮತ್ತೆ ತೆರೆಯಲು ಕೆಲವು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಅಷ್ಟೆ.

0ಕ್ಕೆ ಇಳಿಸುವ ಹಳೆಯ ಸಲಹೆ

ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಬೇಕು ಎಂಬ ಮಾತು ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಲಿಥಿಯಂ ಅಯಾನ್‌ಗೆ ಅದು ತಿರುಗುಬಾಣ. ಒಂದೇ ಸಲ 100ರಿಂದ 0ಗೆ ಇಳಿಸುವುದಕ್ಕಿಂತ 70ರಿಂದ 45, ಮತ್ತೆ 70 ಎಂದು ಸಣ್ಣ ಸಣ್ಣ ಸುತ್ತುಗಳಲ್ಲಿ ಓಡಿಸುವುದು ಲೇಸು. ಸೈಕಲ್ ಎಂದರೆ ಪ್ಲಗ್ ಹಾಕಿದ ಲೆಕ್ಕವಲ್ಲ, ಒಟ್ಟು ಖರ್ಚಾದ ಚಾರ್ಜಿನ ಲೆಕ್ಕ. 25%ರಂತೆ ನಾಲ್ಕು ಸಲ ಬಳಸಿದರೆ ಒಂದು ಸೈಕಲ್. ಆದ್ದರಿಂದ ಪದೇ ಪದೇ ಪ್ಲಗ್ ಹಾಕಿದರೆ ಸೈಕಲ್ ಮುಗಿದುಹೋಗುತ್ತದೆ ಎಂಬ ಚಿಂತೆ ಬೇಡ.

20ರ ಹತ್ತಿರ ಬಂದಾಗ ಚಾರ್ಜಿಗೆ ಹಾಕುವುದು ಒಳ್ಳೆಯ ರೂಢಿ. ವಿಂಡೋಸ್‌ನಲ್ಲಿ ಪವರ್ ಆಪ್ಶನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಲೋ ಬ್ಯಾಟರಿ ಲೆವೆಲ್ ಅನ್ನು 20ಕ್ಕೆ ಏರಿಸಿದರೆ ಎಚ್ಚರಿಕೆ ಸರಿಯಾದ ಹೊತ್ತಿಗೆ ಬರುತ್ತದೆ.

ಎಷ್ಟು ಸವೆದಿದೆ ಎಂದು ನೋಡುವುದು

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪಿ-ಒ-ಡಬ್ಲ್ಯೂ-ಇ-ಆರ್-ಸಿ-ಎಫ್-ಜಿ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಅದಕ್ಕೆ ಅಂಟಿಸಿ ಬ್ಯಾಟರಿ ಮತ್ತು ರಿಪೋರ್ಟ್ ಎಂಬ ಎರಡು ಪದಗಳನ್ನು ಒಂದಾಗಿ ಬರೆದು ಎಂಟರ್ ಒತ್ತಿ. ಒಂದು ವರದಿ ತಯಾರಾಗುತ್ತದೆ, ಅದು ಯಾವ ಫೋಲ್ಡರಿನಲ್ಲಿದೆ ಎಂದು ಪರದೆಯೇ ಹೇಳುತ್ತದೆ. ಬ್ರೌಸರ್‌ನಲ್ಲಿ ತೆರೆಯಿರಿ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ ಹೊಸದಿದ್ದಾಗಿನ ಸಾಮರ್ಥ್ಯ, ಫುಲ್ ಚಾರ್ಜ್ ಕೆಪ್ಯಾಸಿಟಿ ಈಗಿನದು. ಮೊದಲನೆಯದು 50,000, ಎರಡನೆಯದು 41,500 ಮಿಲಿವ್ಯಾಟ್-ಅವರ್ ಇದ್ದರೆ 83% ಉಳಿದಿದೆ ಎಂದರ್ಥ. ಸೈಕಲ್ ಕೌಂಟ್ ಕೂಡ ಅಲ್ಲೇ ಇರುತ್ತದೆ, ಕೆಲವು ಯಂತ್ರಗಳಲ್ಲಿ ಆ ಜಾಗ ಖಾಲಿ.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಬ್ಯಾಟರಿ ಹೆಲ್ತ್ ಕಾಣುತ್ತದೆ. ಸೈಕಲ್ ಲೆಕ್ಕ ಬೇಕಿದ್ದರೆ ಆಪ್ಶನ್ ಕೀ ಒತ್ತಿಹಿಡಿದು ಆ್ಯಪಲ್ ಮೆನು ತೆರೆದು ಸಿಸ್ಟಮ್ ಇನ್ಫರ್ಮೇಶನ್‌ನ ಪವರ್ ಭಾಗ ನೋಡಿ. ಈಚಿನ ಮ್ಯಾಕ್‌ಬುಕ್‌ಗಳ ಬ್ಯಾಟರಿಗೆ 1000 ಸೈಕಲ್ ಎಂದು ಆ್ಯಪಲ್ ಮಿತಿ ಹೇಳುತ್ತದೆ. ಬೇರೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ 300ರಿಂದ 500 ಸೈಕಲ್ ಹೊತ್ತಿಗೆ 80%ಗೆ ಇಳಿಯುವುದು ಸಾಮಾನ್ಯ. ವರದಿಯನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ವಾರವಾರ ನೋಡಿದರೆ ಅಂಕಿ ಒಂದೆರಡು ಶೇಕಡಾ ಮೇಲೆ ಕೆಳಗೆ ಆಡುವುದು ಕಂಡು ಸುಮ್ಮನೆ ತಲೆಬಿಸಿ.

ಅಂಕಿ ಆಡುವುದಕ್ಕೂ ಕಾರಣವಿದೆ. ಉಳಿದ ಚಾರ್ಜ್ ಎಷ್ಟು ಎಂಬುದನ್ನು ಪ್ಯಾಕ್‌ನೊಳಗಿನ ಒಂದು ಚಿಪ್, ಬಂದುಹೋದ ಕರೆಂಟನ್ನು ಎಣಿಸಿ ಅಂದಾಜು ಮಾಡುತ್ತದೆ. ಸಣ್ಣ ತಪ್ಪುಗಳು ಕೂಡುತ್ತ ಹೋಗಿ ಲೆಕ್ಕ ದಾರಿ ತಪ್ಪುತ್ತದೆ. 80ರ ಮಿತಿಯಲ್ಲಿ ತಿಂಗಳುಗಟ್ಟಲೆ ಇದ್ದರೆ ಇನ್ನೂ ಹೆಚ್ಚು. 25% ತೋರಿಸುತ್ತಲೇ ಯಂತ್ರ ದಿಢೀರನೆ ಆಫ್ ಆದರೆ ಒಮ್ಮೆ ಕ್ಯಾಲಿಬ್ರೇಟ್ ಮಾಡಿ: ಮಿತಿ ತೆಗೆದು 100 ತುಂಬಿಸಿ, ಎರಡು ಗಂಟೆ ಹಾಗೇ ಪ್ಲಗ್‌ನಲ್ಲಿ ಬಿಡಿ. ಪ್ಲಗ್ ಕಿತ್ತು, ಹಗುರ ಕೆಲಸ ಮಾಡುತ್ತ, ಯಂತ್ರ ತಾನೇ ಹೈಬರ್ನೇಟ್ ಆಗುವವರೆಗೆ ಇಳಿಸಿ. ಎರಡು ಮೂರು ಗಂಟೆ ತಣ್ಣಗಾಗಲು ಬಿಟ್ಟು, ಮಧ್ಯೆ ನಿಲ್ಲಿಸದೆ ಮತ್ತೆ 100 ತುಂಬಿಸಿ, ಮಿತಿಯನ್ನು ವಾಪಸ್ ಹಾಕಿ. ಇದರಿಂದ ಸರಿಯಾಗುವುದು ಲೆಕ್ಕ ಮಾತ್ರ, ಹೋದ ಸಾಮರ್ಥ್ಯ ಬರುವುದಿಲ್ಲ. ಸುಮ್ಮಸುಮ್ಮನೆ ಪ್ರತಿ ತಿಂಗಳು ಮಾಡಿದರೆ ಸವೆತವನ್ನೇ ಹೆಚ್ಚಿಸಿಕೊಂಡಂತೆ. ಕ್ಯಾಲಿಬ್ರೇಟ್ ಮಾಡಿದ ಮೇಲೂ ದಿಢೀರ್ ಆಫ್ ಆಗುತ್ತಿದ್ದರೆ ಒಂದು ಸೆಲ್ ಉಳಿದವಕ್ಕಿಂತ ಸೋತಿದೆ ಅಥವಾ ಒಳಗಿನ ರೋಧ ಏರಿದೆ ಎಂದು ಅರ್ಥ. ಅದಕ್ಕೆ ಮದ್ದಿಲ್ಲ, ಬದಲಿಸಬೇಕು.

ಚಾರ್ಜರ್

ಯುಎಸ್‌ಬಿ-ಸಿ ಬಂದ ಮೇಲೆ ಕೈಗೆ ಸಿಕ್ಕಿದ ಚಾರ್ಜರ್ ಹಾಕುವುದು ರೂಢಿಯಾಗಿದೆ. ಫೋನಿನ ಚಾರ್ಜರ್ ಹಾಕಿದರೆ ಲ್ಯಾಪ್‌ಟಾಪ್ ಸುಟ್ಟುಹೋಗುವುದಿಲ್ಲ. ಪವರ್ ಡೆಲಿವರಿ ಪದ್ಧತಿಯಲ್ಲಿ ಎರಡೂ ಕಡೆ ಮಾತಾಡಿಕೊಂಡೇ 5, 9, 15, 20 ವೋಲ್ಟ್‌ಗಳಲ್ಲಿ ಒಂದನ್ನು ಆರಿಸುತ್ತವೆ. ಆದರೆ 65 ವ್ಯಾಟ್ ಬೇಡುವ ಯಂತ್ರಕ್ಕೆ 30 ವ್ಯಾಟ್ ಕೊಟ್ಟರೆ, ಭಾರಿ ಕೆಲಸದ ಹೊತ್ತಿನಲ್ಲಿ ಕೊರತೆಯನ್ನು ಬ್ಯಾಟರಿ ತುಂಬಿಕೊಡುತ್ತದೆ. ಪ್ಲಗ್ ಹಾಕಿದ್ದರೂ ಶೇಕಡಾ ಇಳಿಯುತ್ತಿದೆ ಎಂದರೆ ಇದೇ ನಡೆಯುತ್ತಿದೆ, ಗೊತ್ತಾಗದಂತೆ ಸೈಕಲ್ ಖರ್ಚಾಗುತ್ತಿದೆ. ಮೂಲ ಚಾರ್ಜರಿನಷ್ಟೇ ಅಥವಾ ಹೆಚ್ಚು ವ್ಯಾಟ್ ಇರುವುದನ್ನು ಬಳಸಿ. 60 ವ್ಯಾಟ್‌ಗಿಂತ ಹೆಚ್ಚು ಬೇಕಿದ್ದರೆ ಕೇಬಲ್ ಕೂಡ 5 ಆಂಪಿಯರ್‌ನದ್ದಾಗಿರಬೇಕು, ಸಾಧಾರಣ ಕೇಬಲ್ 3 ಆಂಪಿಯರ್‌ಗೆ ನಿಲ್ಲುತ್ತದೆ.

ಖರ್ಚು ತಗ್ಗಿಸಿದರೂ ಸೈಕಲ್ ಉಳಿಯುತ್ತದೆ. ಪರದೆಯ ಬೆಳಕು ಇಳಿಸುವುದೇ ಇದರಲ್ಲಿ ದೊಡ್ಡ ಉಳಿತಾಯ. 120 ಹರ್ಟ್ಜ್ ಪರದೆಯನ್ನು ಬ್ಯಾಟರಿಯಲ್ಲಿದ್ದಾಗ 60ಕ್ಕೆ ತನ್ನಿ, ಕೀಲಿಮಣೆಯ ದೀಪ ಆರಿಸಿ. ಕಪ್ಪು ಥೀಮ್‌ನಿಂದ ಲಾಭ ಒಎಲ್‌ಇಡಿ ಪರದೆಗೆ ಮಾತ್ರ.

ತಿಂಗಳುಗಟ್ಟಲೆ ಬಳಸದೆ ಇಡುವಾಗ

50% ಆಸುಪಾಸಿಗೆ ತಂದು, ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ, ತಂಪಾದ ಒಣ ಜಾಗದಲ್ಲಿಡಿ. ಸೆಲ್‌ಗಳು ತಾವಾಗಿಯೇ ಸ್ವಲ್ಪ ಸೋರುತ್ತವೆ, ಪ್ಯಾಕ್‌ನ ರಕ್ಷಣಾ ಸರ್ಕ್ಯೂಟ್ ಕೂಡ ಒಂದಿಷ್ಟು ಕುಡಿಯುತ್ತದೆ. ಮೂರು ತಿಂಗಳಿಗೊಮ್ಮೆ ತೆರೆದು ನೋಡಿ, 30ಕ್ಕಿಂತ ಇಳಿದಿದ್ದರೆ ಮತ್ತೆ 50ಕ್ಕೆ ತನ್ನಿ. ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಸೆಲ್ ತೀರಾ ಕೆಳಗಿಳಿದು, ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಬ್ಯಾಟರಿಯನ್ನು ರಕ್ಷಣಾ ಸರ್ಕ್ಯೂಟ್ ಚಾರ್ಜ್ ಮಾಡಲು ಬಿಡುವುದಿಲ್ಲ. ಹೊರಗಿನಿಂದ ವೋಲ್ಟೇಜ್ ಕೊಟ್ಟು ಎಬ್ಬಿಸುವ ಕೈಚಳಕದ ವಿಡಿಯೋಗಳು ಬೇಕಾದಷ್ಟಿವೆ, ಪ್ರಯತ್ನಿಸಬೇಡಿ. ಕರಗಿದ ತಾಮ್ರ ಬೇಡದ ಕಡೆ ಕೂತು ಶಾರ್ಟ್ ಆದರೆ ಬೆಂಕಿ.

ಉಬ್ಬಿದರೆ

ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ, ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲುಗಾಡುತ್ತದೆ. ಮೂರರಲ್ಲಿ ಒಂದು ಕಂಡರೂ ಮೊದಲು ಬ್ಯಾಟರಿಯನ್ನು ಅನುಮಾನಿಸಿ. ದ್ರಾವಣ ಒಡೆದು ಒಳಗೆ ಅನಿಲ ತುಂಬಿದಾಗ ಸೆಲ್ ಉಬ್ಬುತ್ತದೆ. ಕೂಡಲೇ ಪ್ಲಗ್ ಕಿತ್ತು, ಯಂತ್ರ ಆಫ್ ಮಾಡಿ, ಮತ್ತೆ ಚಾರ್ಜ್ ಮಾಡಬೇಡಿ. ಒತ್ತಿ ಸಪಾಟು ಮಾಡುವುದು, ಚುಚ್ಚಿ ಗಾಳಿ ಬಿಡುವುದು ಎರಡೂ ಅಪಾಯ. ಉರಿಯುವ ವಸ್ತುಗಳಿಂದ ದೂರ ಇಟ್ಟು ಸರ್ವೀಸ್ ಸೆಂಟರಿಗೆ ಒಯ್ಯಿರಿ. ಹಳೆಯ ಬ್ಯಾಟರಿ ಇ-ತ್ಯಾಜ್ಯ ಸಂಗ್ರಹಕ್ಕೆ ಹೋಗಬೇಕು, ಕಸದ ಬುಟ್ಟಿಗಲ್ಲ.

ಬದಲಿಸುವಾಗ

ಹಳೆಯ ಪ್ಯಾಕ್‌ನ ಮೇಲಿರುವ ಪಾರ್ಟ್ ನಂಬರ್‌ಗೆ ಹೊಂದುವುದನ್ನೇ ತನ್ನಿ. ವೋಲ್ಟ್ ಮತ್ತು ವ್ಯಾಟ್-ಅವರ್ ಎರಡೂ ನೋಡಿ. ಮೂಲದ್ದು 57 ವ್ಯಾಟ್-ಅವರ್ ಇದ್ದು, ಅದೇ ಅಳತೆಯ ನಕಲಿಯ ಮೇಲೆ 80 ಎಂದು ಬರೆದಿದ್ದರೆ ನಂಬಬೇಡಿ. ತಯಾರಾದ ತಾರೀಕನ್ನೂ ನೋಡಿ, ಗೋದಾಮಿನಲ್ಲಿ ಮೂರು ವರ್ಷ ಕೂತದ್ದು ಹೊಸದೆಂಬುದು ಹೆಸರಿಗೆ ಮಾತ್ರ.

ನೀವೇ ಬಿಚ್ಚುವುದಾದರೆ ಚಾರ್ಜನ್ನು 25%ಗಿಂತ ಕೆಳಗಿಳಿಸಿಕೊಳ್ಳಿ. ಆಕಸ್ಮಿಕವಾಗಿ ಸೆಲ್ ತೂತಾದರೆ ಹಾನಿ ಕಡಿಮೆ. ಸ್ಲೀಪ್ ಅಲ್ಲದೆ ಶಟ್‌ಡೌನ್ ಮಾಡಿ, ಅಡಿಯ ಮುಚ್ಚಳ ತೆಗೆದ ತಕ್ಷಣ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಉಳಿದ ಸ್ಕ್ರೂಗಳಿಗೆ ಕೈ ಹಾಕಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ತೆಗೆದ ಜಾಗದ ಕ್ರಮದಲ್ಲೇ ಜೋಡಿಸಿಡಿ; ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿದರೆ ಕೆಳಗಿನ ಬೋರ್ಡಿಗೋ ಹೊಸ ಸೆಲ್‌ಗೋ ಚುಚ್ಚೀತು. ಅಂಟಿಸಿದ ಬ್ಯಾಟರಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಬಿಡಿಸಬೇಕು, ಲೋಹದ ಸಲಕರಣೆ ಬೇಡ. ಹೊಸದನ್ನು ಹಾಕಿ, ಒಮ್ಮೆ 100 ತುಂಬಿಸಿ, ವರದಿ ತೆಗೆದು ಫುಲ್ ಚಾರ್ಜ್ ಕೆಪ್ಯಾಸಿಟಿ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಡಿಸೈನ್ ಅಂಕಿಗಿಂತ ಬಹಳ ಕಡಿಮೆ ಇದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಕೊಡಿ. ಚಾರ್ಜ್ ಮಿತಿ ಇನ್ನೂ 80ರಲ್ಲೇ ಇದೆಯೇ ಎಂದೂ ಆಗಲೇ ನೋಡಿ, ಅಳಿಸಿಹೋಗಿದ್ದರೆ ಮತ್ತೆ ಹಾಕಿ.